ಕರೆಂಟ್ ಹೋಗಿ ಬಂದರೆ ಸ್ವಿಚ್ ಏನು ಮಾಡಬೇಕು?

ಬೆಳಗಾವಿಯ ಉದ್ಯಮಬಾಗದಲ್ಲಿ ಕಂಟ್ರೋಲ್ ಪ್ಯಾನೆಲ್ ಕಟ್ಟುವುದು ನನ್ನ ಕೆಲಸ. ಲೇಥ್ ಶಾಪಿನವರು, ಫೌಂಡ್ರಿಯವರು, ವಡಗಾವಿ ಕಡೆಯ ಮಗ್ಗದವರು, ಸುತ್ತಲಿನ ಹಳ್ಳಿಗಳ ಕಬ್ಬಿನ ರೈತರು ನಮ್ಮ ಗಿರಾಕಿಗಳು. ಎಲ್ಲರ ಬೇಡಿಕೆಯೂ ಹೆಚ್ಚುಕಡಿಮೆ ಒಂದೇ: "ಒತ್ತಿ ಬಿಟ್ರ ಚಾಲೂ ಆಗಿ ಹಂಗ ನಿಲ್ಲಬೇಕ್ರಿ, ಮತ್ತ ಒತ್ತಿದ್ರ ಬಂದ್ ಆಗ್ಬೇಕ್ರಿ. ರೊಕ್ಕ ಕಡಿಮಿ ಹತ್ತಬೇಕ್ರಿ." ಬೆರಳು ತೆಗೆದ ಮೇಲೂ ತನ್ನ ಸ್ಥಿತಿಯನ್ನು ಹಿಡಿದಿಟ್ಟುಕೊಳ್ಳುವ ಈ ಸ್ವಿಚ್ಚಿಗೆ ನಾವು ಲ್ಯಾಚಿಂಗ್ ಸ್ವಿಚ್ ಅನ್ನುತ್ತೇವೆ. ಐಟಿಐ ಮುಗಿಸಿ ಬಂದ ಹುಡುಗರು ಕೂಡಲೇ ಸರ್ಕ್ಯೂಟ್ ಬರೆಯಲು ಕೂರುತ್ತಾರೆ. ಅದಕ್ಕೂ ಮೊದಲು ಗಿರಾಕಿಗೆ ಒಂದು ಪ್ರಶ್ನೆ ಕೇಳಿ ಬರಲು ನಾನು ಹೇಳುತ್ತೇನೆ. ಓಡುತ್ತಿರುವಾಗ ಕರೆಂಟ್ ಹೋಗಿ, ಮತ್ತೆ ಬಂದರೆ, ನಿಮ್ಮ ಮಷಿನ್ ಏನು ಮಾಡಬೇಕು?

ಲೇಥನ್ನೇ ನೋಡಿ. ಕರೆಂಟ್ ಹೋದಾಗ ಆಪರೇಟರ್ ಸುಮ್ಮನೆ ಕೂರುವುದಿಲ್ಲ. ಟೂಲ್ ಬದಲಿಸುತ್ತಾನೆ, ಚಕ್ಕಿನ (ಕೆತ್ತುವ ಲೋಹದ ತುಂಡನ್ನು, ಅಂದರೆ ಜಾಬನ್ನು, ಹಿಡಿದು ತಿರುಗಿಸುವ ಭಾಗ) ಹತ್ತಿರ ಕೈ ಇಟ್ಟು ಜಾಬ್ ಅಳೆಯುತ್ತಾನೆ. ಆ ಮಷಿನ್ನಿಗೆ ಸಾದಾ ಟಾಗಲ್ ಸ್ವಿಚ್ ಹಾಕಿದ್ದರೆ ಕರೆಂಟ್ ಬಂದ ಕ್ಷಣವೇ ಚಕ್ ತಿರುಗುತ್ತದೆ. ಟಾಗಲ್ಲಿನ ನೆನಪು ಸ್ಪ್ರಿಂಗಿನಲ್ಲಿದೆ, ಅದಕ್ಕೆ ಕರೆಂಟ್ ಹೋದದ್ದೇ ಗೊತ್ತಾಗುವುದಿಲ್ಲ. ಕಾಂಟ್ಯಾಕ್ಟರ್ ಅಂದರೆ ಕಾಯಿಲ್ಲಿನ ಅಯಸ್ಕಾಂತ ಬಲದಿಂದ ಮುಚ್ಚುವ ದೊಡ್ಡ ಸ್ವಿಚ್; ಅದರ ನೆನಪಾದರೋ ಕರೆಂಟಿನಲ್ಲೇ ಇದೆ. ಹಸಿರು ಬಟನ್ ಒತ್ತಿದಾಗ ಕಾಯಿಲ್ ಎಳೆಯುತ್ತದೆ; ಹಸಿರು ಬಟನ್ನಿಗೆ ಪ್ಯಾರಲಲ್ ಆಗಿ ಜೋಡಿಸಿದ 13-14 ಎಂಬ ಟರ್ಮಿನಲ್ ಸಂಖ್ಯೆಗಳ ಸಹಾಯಕ ಕಾಂಟ್ಯಾಕ್ಟ್ ಮುಚ್ಚಿ, ಕಾಯಿಲ್ ತನಗೆ ತಾನೇ ಕರೆಂಟ್ ಕೊಟ್ಟುಕೊಳ್ಳುತ್ತದೆ. ಸಪ್ಲೈ ಹೋಯಿತೆಂದರೆ ಕಾಯಿಲ್ ಬಿಡುತ್ತದೆ, 13-14 ತೆರೆಯುತ್ತದೆ, ಮತ್ತೆ ಯಾರಾದರೂ ಹಸಿರು ಒತ್ತುವವರೆಗೆ ಮಷಿನ್ ಅಲ್ಲಾಡುವುದಿಲ್ಲ. ಒಂದು ತುಂಡು ವೈರಿನ ಖರ್ಚಿನಲ್ಲಿ ಇಷ್ಟು ದೊಡ್ಡ ರಕ್ಷಣೆ ಸಿಗುವ ಇನ್ನೊಂದು ಸರ್ಕ್ಯೂಟನ್ನು ನಾನು ಕಂಡಿಲ್ಲ.

ಕೆಂಪು ಬಟನ್ ಯಾವಾಗಲೂ ಎನ್‌ಸಿ (ಒತ್ತದಿದ್ದಾಗ ಮುಚ್ಚಿರುವ, ಒತ್ತಿದಾಗ ತೆರೆಯುವ ಬಗೆ) ಆಗಿದ್ದು ಕಾಯಿಲ್ಲಿನ ಸೀರೀಸಿನಲ್ಲಿರಬೇಕು. ಇಲಿ ಕಡಿದೋ, ಸ್ಕ್ರೂ ಸಡಿಲಾಗಿಯೋ ವೈರ್ ಬಿಟ್ಟರೆ ಮಷಿನ್ ನಿಲ್ಲುತ್ತದೆ. ಓವರ್‌ಲೋಡ್ ರಿಲೇಯ (ಮೋಟರ್ ಅತಿ ಕರೆಂಟ್ ಎಳೆದರೆ ತೆರೆಯುವ ರಕ್ಷಕ) 95-96 ಕಾಂಟ್ಯಾಕ್ಟ್ ಕೂಡ ಇದೇ ಸರಪಳಿಯಲ್ಲಿ ಬರುತ್ತದೆ. ಒಂದು ಎಚ್ಚರಿಕೆ: 415 ವೋಲ್ಟಿನ ಕಾಯಿಲ್ ಎರಡೇ ಫೇಸುಗಳ ನಡುವೆ ಇರುತ್ತದೆ. ಮೂರನೆಯ ಫೇಸ್ ಹೋದರೆ ಕಾಂಟ್ಯಾಕ್ಟರ್ ಬಿಡುವುದಿಲ್ಲ, ಮೋಟರ್ ಎರಡು ಫೇಸಿನ ಮೇಲೆ ನರಳುತ್ತಲೇ ಇರುತ್ತದೆ. ಅದನ್ನು ಹಿಡಿಯಲು ಸಿಂಗಲ್ ಫೇಸ್ ಪ್ರಿವೆಂಟರ್ ಬೇಕು. ಲ್ಯಾಚ್ ಆ ಕೆಲಸ ಮಾಡೀತು ಎಂದು ನಂಬಬೇಡಿ.

ಬೋರ್‌ವೆಲ್ ಪಂಪಿನ ರೈತನ ಉತ್ತರ ಬೇರೆ. ತ್ರೀ ಫೇಸ್ ಗಂಟೆಗಳ ಲೆಕ್ಕದಲ್ಲಿ ಬರುತ್ತದೆ, ಎಷ್ಟೋ ಸಲ ರಾತ್ರಿ ಬರುತ್ತದೆ. ಕತ್ತಲಲ್ಲಿ ಹಾವು ತುಳಿಯುತ್ತಾ ಹೊಲಕ್ಕೆ ಹೋಗಿ ಹಸಿರು ಬಟನ್ ಒತ್ತು ಎಂದು ಅವನಿಗೆ ಹೇಳಲು ನನಗೆ ಮನಸ್ಸು ಬಾರದು. ಅಲ್ಲಿ ಆಟೋ ಸ್ಟಾರ್ಟರೇ ಸರಿ, ಮೂರೂ ಫೇಸ್ ನೋಡಿ, ಸ್ವಲ್ಪ ತಡೆದು ಚಾಲೂ ಮಾಡುವಂಥದ್ದು. ಆದರೆ ಅದೇ ಸ್ಟಾರ್ಟರಿಗೆ ಮೇವು ಕತ್ತರಿಸುವ ಮಷಿನ್ನನ್ನೂ ಹಚ್ಚಿಕೊಡಿ ಎಂದರೆ ನಾನು ಒಲ್ಲೆ. ಎಷ್ಟು ಹೇಳಿದರೂ ಒಲ್ಲೆ.

ಕಡಿಮೆ ಖರ್ಚಿನ ನಿಜವಾದ ಕಸರತ್ತು ಇರುವುದು 12 ವೋಲ್ಟಿನ ಕೆಲಸಗಳಲ್ಲಿ. ಹೆಗಲಿಗೆ ಹಾಕಿಕೊಂಡು ಎಣ್ಣಿ (ಕೀಟನಾಶಕ) ಹೊಡೆಯುವ ಬ್ಯಾಟರಿ ಪಂಪಿಗೆ ಎರಡು ಚಿಕ್ಕ ಬಟನ್ ಹಿಡಿಕೆಯ ಮೇಲೆ ಬೇಕು, ದಪ್ಪ ವೈರ್ ಅಲ್ಲಿಯವರೆಗೆ ಹೋಗಬಾರದು. ಕೈಗೆ ಸಿಗುವುದು ಸಣ್ಣ ಚೌಕದ 12 ವೋಲ್ಟ್ ರಿಲೇ, ಕಾಂಟ್ಯಾಕ್ಟರಿನದೇ ಪುಟ್ಟ ರೂಪ. ಅದರ ಕಾಯಿಲ್ ಸುಮಾರು 400 ಓಮ್, ಎಳೆಯುವುದು 30 ಮಿಲಿಆಂಪ್. ತೊಂದರೆ ಏನೆಂದರೆ ಇದರಲ್ಲಿ ಒಂದೇ ಜೊತೆ ಕಾಂಟ್ಯಾಕ್ಟ್ ಇದೆ. ಮೋಟರಿಗೂ ಅದೇ, ಹೋಲ್ಡಿಂಗಿಗೂ (ಬೆರಳು ತೆಗೆದ ಮೇಲೂ ಕಾಯಿಲ್ಲನ್ನು ಹಿಡಿದಿಡಲು) ಅದೇ. ಸ್ಟಾರ್ಟ್ ಬಟನ್ನನ್ನು ಆ ಕಾಂಟ್ಯಾಕ್ಟಿಗೆ ನೇರವಾಗಿ ಪ್ಯಾರಲಲ್ ಕೊಟ್ಟರೆ, ರಿಲೇ ಎಳೆಯುವ ಮೊದಲಿನ ಕೆಲವು ಮಿಲಿಸೆಕೆಂಡು ಮೋಟರಿನ ಪೂರ್ತಿ ಕರೆಂಟ್ ಆ ಪುಟ್ಟ ಬಟನ್ನಿನ ಮೂಲಕವೇ ಹರಿಯುತ್ತದೆ. ಅಂಥ ಬಟನ್ನಿನ ತಾಕತ್ತು 50 ಮಿಲಿಆಂಪ್. ನಾಲ್ಕು ದಿನಕ್ಕೆ ಸುಟ್ಟು ಅಂಟಿಕೊಳ್ಳುತ್ತದೆ.

ಇದಕ್ಕೆ ಮದ್ದು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು 1ಎನ್4007 ಡಯೋಡ್. ಮೋಟರಿಗೆ ಹೋಗುವ ಕಾಂಟ್ಯಾಕ್ಟಿನ ತುದಿಯಿಂದ ಡಯೋಡ್ ಮೂಲಕ ಹೋಲ್ಡಿಂಗ್ ತೆಗೆದುಕೊಳ್ಳಿ. ಸ್ಟಾರ್ಟ್ ಬಟನ್ ಬ್ಯಾಟರಿಯಿಂದ ನೇರ ಬಂದು ಡಯೋಡಿನ ಆಚೆ ಬದಿಗೆ ಸೇರಲಿ. ಆ ಕೂಡು ಜಾಗದಿಂದ ಸ್ಟಾಪ್ ಬಟನ್, ಅಲ್ಲಿಂದ ಕಾಯಿಲ್. ಈಗ ಸ್ಟಾರ್ಟ್ ಒತ್ತಿದರೆ ಕರೆಂಟ್ ಕಾಯಿಲ್ಲಿಗಷ್ಟೇ ಹೋಗುತ್ತದೆ, ಮೋಟರ್ ಕಡೆ ತಿರುಗದಂತೆ ಡಯೋಡ್ ತಡೆಯುತ್ತದೆ. ಕಾಯಿಲ್ಲಿನ ಮೇಲೆ ಉಲ್ಟಾ ಇನ್ನೊಂದು ಡಯೋಡ್ ಹಾಕಿ, ಸ್ಟಾಪ್ ಬಟನ್ನಿನ ಕಿಡಿ ನಿಲ್ಲುತ್ತದೆ. ಸ್ಟಾಪ್ ಬಟನ್ ಕೂಡು ಜಾಗದ ನಂತರವೇ ಬರಬೇಕು. ಅದನ್ನು ಹೋಲ್ಡಿಂಗ್ ದಾರಿಯಲ್ಲಿ ಮಾತ್ರ ಇಟ್ಟರೂ ಸರ್ಕ್ಯೂಟ್ ನಡೆಯುತ್ತದೆ, ಆದರೆ ಎರಡೂ ಬಟನ್ ಒಟ್ಟಿಗೆ ಒತ್ತಿದಾಗ ಸ್ಟಾರ್ಟ್ ಗೆಲ್ಲುತ್ತದೆ. ಮಷಿನ್ನಿನಲ್ಲಿ ಯಾವತ್ತೂ ಸ್ಟಾಪ್ ಗೆಲ್ಲಬೇಕು. ಇನ್ನೊಂದು ಮಾತು: ಒಮ್ಮೆ ಎಳೆದ ಇಂಥ ರಿಲೇ ವೋಲ್ಟೇಜ್ ಬಹಳ ಕೆಳಗಿಳಿದರೂ ಬಿಡುವುದಿಲ್ಲ, ಖಚಿತವಾಗಿ ಬಿಡುವುದು 12ರ ಹತ್ತನೇ ಒಂದು ಭಾಗಕ್ಕೆ ಬಂದಾಗ. ಲೆಡ್ ಆಸಿಡ್ ಬ್ಯಾಟರಿಯನ್ನು 10.5 ವೋಲ್ಟಿಗೆ ನಿಲ್ಲಿಸಬೇಕಾದರೆ ಅದಕ್ಕೆ ಬೇರೆ ಕಟ್-ಆಫ್ ಬೇಕು.

ಒಂದೇ ಬಟನ್ನಿನಲ್ಲಿ ಆನ್-ಆಫ್ ಬೇಕೆಂದರೆ 4013 ಐಸಿ (ಆನ್ ಅಥವಾ ಆಫ್ ಸ್ಥಿತಿಯನ್ನು ನೆನಪಿಡುವ ಚಿಪ್) ಹಾಕಿ. ಅದರ ಕ್ಯೂ-ಬಾರ್ ಪಿನ್ನನ್ನು (ಸ್ಥಿತಿಯ ಉಲ್ಟಾ ಕೊಡುವುದು) ಡಿ ಪಿನ್ನಿಗೆ (ಮುಂದಿನ ಸ್ಥಿತಿ ತೆಗೆದುಕೊಳ್ಳುವುದು) ಕಟ್ಟಿದರೆ ಪ್ರತಿ ಒತ್ತಿಗೆ ಸ್ಥಿತಿ ಬದಲಾಗುತ್ತದೆ. ಬಟನ್ನಿನ ತಗಡು ಕೆಲವು ಮಿಲಿಸೆಕೆಂಡು ಪುಟಿಯುವುದರಿಂದ ರೆಸಿಸ್ಟರ್-ಕೆಪಾಸಿಟರ್ ಫಿಲ್ಟರ್ ಹಾಕಲೇಬೇಕು. ಫಿಲ್ಟರಿನಿಂದ ನಿಧಾನವಾಗಿ ಏರಿ ಬರುವ ಸಿಗ್ನಲ್ 4013ರ ಕ್ಲಾಕಿಗೆ (ಬಟನ್ನಿನ ಸಿಗ್ನಲ್ ಸೇರುವ ಪಿನ್) ಒಗ್ಗದು, ನಡುವೆ ನಿಧಾನದ ಸಿಗ್ನಲ್ಲನ್ನು ಚುರುಕಾಗಿಸುವ 40106 ಐಸಿಯ ಒಂದು ಗೇಟ್ ಇಡಿ. ರಿಸೆಟ್ ಪಿನ್ನಿಗೆ ಸಪ್ಲೈಯಿಂದ ಕೆಪಾಸಿಟರ್, ನೆಲಕ್ಕೆ ರೆಸಿಸ್ಟರ್ ಕೊಟ್ಟರೆ ಸಪ್ಲೈ ಬಂದಾಗ ಆಫ್ ಸ್ಥಿತಿಯಿಂದಲೇ ಶುರುವಾಗುತ್ತದೆ. ಎನ್‌ಪಿಎನ್-ಪಿಎನ್‌ಪಿ ಟ್ರಾನ್ಸಿಸ್ಟರುಗಳ ಜೋಡಿಯಿಂದ ಇನ್ನೂ ಅಗ್ಗದಲ್ಲಿ ಲ್ಯಾಚ್ ಆಗುತ್ತದೆ, ಆದರೆ ಪಕ್ಕದಲ್ಲಿ ಕಾಂಟ್ಯಾಕ್ಟರ್ ಬಡಿದರೆ ತಾನಾಗಿಯೇ ಆನ್ ಆಗಬಲ್ಲದು. ಬೇಸ್-ಎಮಿಟರ್ ನಡುವೆ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಲ್ಲದೆ ಅದನ್ನು ನಮ್ಮ ಪ್ಯಾನೆಲ್ಲಿಗೆ ನಾನು ಬಿಡುವುದಿಲ್ಲ.

ಇನ್ನು ಮ್ಯಾಗ್ನೆಟ್ ಇರುವ ಲ್ಯಾಚಿಂಗ್ ರಿಲೇ. ಒಂದು ಸಣ್ಣ ಪಲ್ಸ್ ಕೊಟ್ಟರೆ ಸ್ಥಿತಿ ಬದಲಿಸಿ, ಮುಂದೆ ಕಾಯಿಲ್ಲಿಗೆ ಕರೆಂಟೇ ಇಲ್ಲದೆ ಹಾಗೇ ಉಳಿಯುತ್ತದೆ. ಪ್ರಿಪೇಯ್ಡ್ ಮೀಟರುಗಳ ಒಳಗೆ ಕರೆಂಟ್ ಕಡಿಯುವುದು ಇದೇ. ಸೋಲಾರ್ ಬ್ಯಾಟರಿಯ ಕೆಲಸದಲ್ಲಿ 30 ಮಿಲಿಆಂಪ್ ಕೂಡ ಭಾರ, ಅಲ್ಲಿ ಇದನ್ನು ಮನಸಾರೆ ಹಾಕುತ್ತೇನೆ. ತಿರುಗುವ ಮಷಿನ್ನಿಗೆ ಹಾಕುವುದಿಲ್ಲ, ಟಾಗಲ್ಲಿನಂತೆ ಇದೂ ಕರೆಂಟ್ ಹೋದದ್ದನ್ನು ಅರಿಯದು. ಸಾಗಣೆಯಲ್ಲಿ ಪೆಟ್ಟು ಬಿದ್ದರೆ ಇದರ ಸ್ಥಿತಿ ಪೆಟ್ಟಿಗೆಯಲ್ಲೇ ಬದಲಾಗಿರಬಹುದು, ಆದ್ದರಿಂದ ಲೋಡ್ ಜೋಡಿಸುವ ಮುಂಚೆ ಒಂದು ರಿಸೆಟ್ ಪಲ್ಸ್ ಕೊಟ್ಟು, ಮೀಟರ್ ಇಟ್ಟು ನೋಡಿಕೊಳ್ಳಿ.