ಇಲ್ಲದ ಬೆಟ್ಟದ ಚಿತ್ರ

ಬಸವನಗುಡಿಯ ಹಳೆಯ ಮನೆಯೊಂದರ ಮಹಡಿಯಲ್ಲಿ ನಮ್ಮ ಕಚೇರಿ ಇದೆ. ಐದು ಜನ ಕಲಾವಿದರು, ಎರಡು ದೊಡ್ಡ ಮೇಜು, ಮಳೆ ಬಂದರೆ ಸೋರುವ ಒಂದು ಮೂಲೆ. ಶಾಲೆಗಳ ಗೋಡೆಗೆ ಹಾಕುವ ವಿಜ್ಞಾನದ ಫಲಕಗಳನ್ನು ಬರೆದುಕೊಡುವುದು ನಮ್ಮ ಕಸುಬು. ಹೂವು, ಹೃದಯ, ಗ್ರಹಣ ಇವೆಲ್ಲ ಉಳಿದವರಿಗೆ ಹೋಗುತ್ತವೆ. ಮಣ್ಣು, ಕಲ್ಲು, ನದಿ ನನ್ನ ಪಾಲಿಗೆ. ಹದಿನಾಲ್ಕು ವರ್ಷಗಳಲ್ಲಿ ತಿದ್ದುಪಡಿಗೆಂದು ವಾಪಸು ಬಂದ ಚಿತ್ರಗಳು ಎಷ್ಟೋ ಇವೆ. ಪೂರ್ತಿ ಹರಿದುಹಾಕಿ ಮತ್ತೆ ಬರೆಯಬೇಕಾಗಿ ಬಂದದ್ದು ಒಂದೇ ಒಂದು. ಆ ಕಥೆಯನ್ನು ಹೇಳುತ್ತೇನೆ.

ನದಿ ಪಕ್ಕದ ಬಂಡೆಗಳ ಬಗ್ಗೆ ಆರು ಫಲಕಗಳ ಸರಣಿಯದು. ಒಂದೊಂದೂ ಆರು ಅಡಿ ಎತ್ತರ, ನಾಲ್ಕು ಅಡಿ ಅಗಲ. ಮೊದಲನೆಯದು ಅಮೆರಿಕದ ಬೀಕನ್ ರಾಕ್, ಕೊನೆಯದು ನಮ್ಮ ಅರ್ಕಾವತಿಯ ಮಗ್ಗುಲಿನ ಸಾವನದುರ್ಗ. ಬೀಕನ್ ರಾಕ್ ಇರುವುದು ವಾಷಿಂಗ್ಟನ್ ರಾಜ್ಯದಲ್ಲಿ, ಕೊಲಂಬಿಯಾ ನದಿಯ ಉತ್ತರ ದಂಡೆಯ ಮೇಲೆ. 848 ಅಡಿ ಎತ್ತರದ ಒಂಟಿ ಬಂಡೆ. ಕೈಗೆ ಬಂದ ಟಿಪ್ಪಣಿಯಲ್ಲಿ ಇದ್ದದ್ದು ಒಂದೇ ಸಾಲು: ಪುರಾತನ ಜ್ವಾಲಾಮುಖಿಯ ಒಳತಿರುಳು, ಹೊರಭಾಗ ಸವೆದುಹೋಗಿದೆ.

ಸಾಕಲ್ಲ ಎಂದುಕೊಂಡೆ. ಸವೆತವನ್ನು ನಾನು ನೂರು ಸಲ ಬರೆದಿದ್ದೇನೆ. ಮೊದಲ ಚೌಕದಲ್ಲಿ ತುದಿಗೆ ಹಿಮ ಮೆತ್ತಿದ ಭಾರೀ ಶಂಕುವಿನಾಕಾರದ ಬೆಟ್ಟ; ಎರಡನೆಯದರಲ್ಲಿ ಮಳೆ, ಗಾಳಿ; ಮೂರನೆಯದರಲ್ಲಿ ಬೆಟ್ಟ ಅರ್ಧಕ್ಕರ್ಧ ಕರಗಿದೆ; ನಾಲ್ಕನೆಯದರಲ್ಲಿ ಬಂಡೆ, ನದಿ, ಸಂಜೆಯ ಬೆಳಕು. 'ಪುರಾತನ' ಎಂಬ ಮಾತಿಗೆ ಮರ್ಯಾದೆ ಕೊಡಲು ಮೊದಲ ಚೌಕದ ಹೊಳೆಯಲ್ಲಿ ಉದ್ದ ಕತ್ತಿನ ಎರಡು ಡೈನೋಸಾರ್‌ಗಳು ನೀರು ಕುಡಿಯುತ್ತಿದ್ದವು. ಅಡಿಯಲ್ಲಿ 'ಕೋಟ್ಯಂತರ ವರ್ಷಗಳ ಹಿಂದೆ' ಎಂದು ಬರೆದೆ. ತಲೆಬರಹದಲ್ಲಿ 'ಜಿಬ್ರಾಲ್ಟರ್ ಬಿಟ್ಟರೆ ಪ್ರಪಂಚದಲ್ಲೇ ದೊಡ್ಡ ಏಕಶಿಲೆ' ಎಂದು ಸೇರಿಸಿದೆ. ಆ ಮಾತನ್ನು ಎಲ್ಲೆಲ್ಲೂ ಓದಿದ್ದೆ. ಹನ್ನೊಂದು ದಿನದ ಕೆಲಸ. ಕಚೇರಿಯಲ್ಲಿ ಎಲ್ಲರೂ ಬಂದು ನೋಡಿ ಹೊಗಳಿ ಹೋದರು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಗೆ ಹೇಳಿ ಮಾಡಿಸಿದ ಚಿತ್ರ ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ನಮ್ಮ ಕಲ್ಲು, ಮಣ್ಣಿನ ಚಿತ್ರಗಳನ್ನು ಪರಿಶೀಲಿಸುವವರು ಒಬ್ಬ ನಿವೃತ್ತ ಭೂವಿಜ್ಞಾನದ ಅಧ್ಯಾಪಕರು. ನಮಗೆಲ್ಲ ಅವರು ಬರೀ 'ಮೇಷ್ಟ್ರು'. ಕೆಂಪು ಶಾಯಿ ಬಳಸುವುದಿಲ್ಲ, ದನಿ ಏರಿಸುವುದಿಲ್ಲ. ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು.

"ಚೆನ್ನಾಗಿದೆಯಮ್ಮ. ಬೆಟ್ಟ ಕರಗಿತಲ್ಲ, ಆ ಮಣ್ಣೆಲ್ಲ ಎಲ್ಲಿಗೆ ಹೋಯಿತು?"

"ಮಳೆಯಲ್ಲಿ ಕೊಚ್ಚಿಹೋಯಿತು ಸಾರ್."

"ಎಷ್ಟು ವರ್ಷದಲ್ಲಿ?"

ಕೋಟ್ಯಂತರ ಎಂದು ಬರೆದಿದ್ದ ಕಡೆ ಬೆರಳು ತೋರಿಸಿದೆ.

"ಆ ಬಂಡೆಯ ವಯಸ್ಸೇ ಸುಮಾರು 57,000 ವರ್ಷ. ತನಗಿಂತ ಹಿಂದಿನ ಮಳೆಗೆ ಅದು ಹೇಗೆ ಸವೆಯಿತು?" ಎಂದು ಕೇಳಿ, ನಾನು ಉತ್ತರಿಸುವ ಮೊದಲೇ ಎದ್ದರು. "ನಾಳೆ ಬೆಳಿಗ್ಗೆ ಆರೂವರೆಗೆ ಲಾಲ್‌ಬಾಗ್ ಬಂಡೆಯ ಹತ್ತಿರ ಬಾ. ಪೆನ್ಸಿಲ್ ತರಬೇಡ."

ಸಿಟ್ಟು ಬಂತು ಎಂದು ಬೇರೆ ಹೇಳಬೇಕಾಗಿಲ್ಲ. ಮುದ್ರಣಕ್ಕೆ ಕಳಿಸಲು ಒಂದು ವಾರ ಉಳಿದಿತ್ತು. ಆದರೂ ಹೋದೆ.

ಲಾಲ್‌ಬಾಗ್ ಬಂಡೆಯನ್ನು ಬೆಂಗಳೂರಿನವರು ವ್ಯಾಯಾಮಕ್ಕೆ, ಸೂರ್ಯೋದಯಕ್ಕೆ, ಪ್ರೇಮಕ್ಕೆ ಬಳಸಿಕೊಳ್ಳುತ್ತೇವೆ. ಮೇಲೆ ಕೆಂಪೇಗೌಡರ ಗೋಪುರ. ಕೆಳಗೆ ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಸಾರುವ ಫಲಕ. ಕಲ್ಲಿನ ಹೆಸರು ಪೆನಿನ್ಸುಲರ್ ನೈಸ್; ವಯಸ್ಸು ಸುಮಾರು 300 ಕೋಟಿ ವರ್ಷ. ಮೇಷ್ಟ್ರು ಚಪ್ಪಲಿ ಬಿಟ್ಟು ಬಂಡೆಯ ಮೇಲೆ ಕೂತು ಲೆಕ್ಕ ಶುರುಮಾಡಿದರು. ಈ ಬಂಡೆಯ ಆಯುಷ್ಯವನ್ನು ಮೈಸೂರಿನಿಂದ ಮೆಜೆಸ್ಟಿಕ್‌ಗೆ ಬರುವ ಬಸ್ಸಿನ ದಾರಿ ಎಂದುಕೊ. ಬಸ್ಸು ಮೈಸೂರು ಬಿಟ್ಟಾಗ ಲಾಲ್‌ಬಾಗ್ ಬಂಡೆ ಹುಟ್ಟಿತು. ಮಂಡ್ಯ, ಮದ್ದೂರು, ರಾಮನಗರ ಎಲ್ಲ ದಾಟಿ ಸಿರ್ಸಿ ವೃತ್ತದ ಹತ್ತಿರಹತ್ತಿರ ಬರುವಾಗ ನಿನ್ನ ಡೈನೋಸಾರ್‌ಗಳು ಅಳಿದವು. ಬೀಕನ್ ರಾಕ್ ಹುಟ್ಟುವಾಗ ಬಸ್ಸು ನಿಲ್ದಾಣಕ್ಕೆ ಬಂದು ನಿಂತಾಗಿದೆ. ಬಾಗಿಲಿನಿಂದ ಪ್ಲಾಟ್‌ಫಾರಂಗೆ ಇಳಿಯುವ ಮೂರು ಮೀಟರ್ ಮಾತ್ರ ಉಳಿದಿದೆ.

ನನ್ನ ಡೈನೋಸಾರ್‌ಗಳು ಆ ಬಸ್ಸಿನಿಂದ ಇಳಿದುಹೋದವು.

ಆ ಮೇಲೆ ಕಲ್ಲಿನ ಕಥೆ. ಬೀಕನ್ ರಾಕ್‌ಗೆ ಹತ್ತಿರದ ಪೋರ್ಟ್‌ಲ್ಯಾಂಡ್ ನಗರದ ಸುತ್ತಮುತ್ತ ಸಣ್ಣಸಣ್ಣ ಜ್ವಾಲಾಮುಖಿಗಳ ಒಂದು ಗುಂಪಿದೆ. ಹತ್ತಿರದ ಊರಿನ ಹೆಸರಿನಿಂದ ಅದನ್ನು ಬೋರಿಂಗ್ ಲಾವಾ ಕ್ಷೇತ್ರ ಎನ್ನುತ್ತಾರೆ. (ಈ ಹೆಸರನ್ನು ಓದಿದ ನಮ್ಮ ಧ್ವನಿ ಕಲಾವಿದರು ಹಾಸನದ ಹಳ್ಳಿಯವರು. ಬೋರಿಂಗ್ ಎಂದರೆ ಅವರಿಗೆ ಕೈಪಂಪು. ಪಂಪಿನಲ್ಲಿ ಲಾವಾ ಹೇಗೆ ಬಂತು ಎಂದು ನಿಜವಾಗಿಯೂ ಕೇಳಿದರು.) ಆ ಗುಂಪಿನಲ್ಲಿ ಕಿರಿಯದು ಬೀಕನ್ ರಾಕ್. ನಾನು ಬರೆದ ಹಿಮದ ತುದಿಯ ಮಹಾಪರ್ವತ ಅಲ್ಲಿ ಇರಲೇ ಇಲ್ಲ. ಇದ್ದದ್ದು ಕಿಟ್ಟ, ಬೂದಿ, ಜಲ್ಲಿ ಬಿದ್ದು ಗುಡ್ಡೆಯಾದ ಸಡಿಲ ರಾಶಿ. ಕಮ್ಮಾರನ ಕುಲುಮೆಯ ಬದಿಯಲ್ಲಿ ಕಿಟ್ಟ ಗುಡ್ಡೆಯಾಗುತ್ತದಲ್ಲ, ಹಾಗೆ. ಅದರ ಗಂಟಲಿನಲ್ಲಿ ಏರುತ್ತಿದ್ದ ಕರಗಿದ ಕಲ್ಲು ಕೊನೆಗೆ ಮೇಲೆ ಬರುವ ಬಲವಿಲ್ಲದೆ ಅಲ್ಲೇ ನಿಂತು, ಸುತ್ತಲಿನ ರಾಶಿಯ ಹೊದಿಕೆಯಲ್ಲಿ ನಿಧಾನವಾಗಿ ತಣಿದು, ಬಸಾಲ್ಟ್ ಎಂಬ ಗಟ್ಟಿ ಕಪ್ಪುಕಲ್ಲು ಆಯಿತು. ತಣಿಯುವಾಗ ಕುಗ್ಗಿ, ಕಂಬ ನಿಲ್ಲಿಸಿದಂತೆ ಸೀಳಿತು.

ಇದಕ್ಕೆ ಕನ್ನಡದಲ್ಲಿ ಏನು ಹೇಳುವುದೆಂದು ಅಲ್ಲೇ ಚರ್ಚೆಯಾಯಿತು. ನಾನು ಟಿಪ್ಪಣಿಯಲ್ಲಿ 'ಜ್ವಾಲಾಮುಖಿಯ ಬಿರಡೆ' ಎಂದು ಬರೆದಿದ್ದೆ. ಬಿರಡೆಯನ್ನು ಯಾರಾದರೂ ಮೇಲಿಂದ ತುರುಕಬೇಕು, ಇದು ಕೆಳಗಿನಿಂದ ಬಂದದ್ದು ಎಂದರು ಮೇಷ್ಟ್ರು. ವಿಗ್ರಹ ಎರಕ ಹೊಯ್ಯುವುದನ್ನು ನೋಡಿದ್ದೀಯಾ? ಮಣ್ಣಿನ ಅಚ್ಚಿನೊಳಗೆ ಲೋಹ ತುಂಬುತ್ತದೆ, ತಣಿದ ಮೇಲೆ ಅಚ್ಚನ್ನು ಒಡೆದು ಬಿಸಾಡುತ್ತಾರೆ. ಗುಡ್ಡವೇ ಅಚ್ಚು, ಬಂಡೆ ಎರಕ. ಫಲಕದಲ್ಲಿ ಕೊನೆಗೂ ಉಳಿದದ್ದು ಅದೇ ಪದ.

ಹಾಗಾದರೆ ಅಚ್ಚನ್ನು ಒಡೆದವರು ಯಾರು? ಇಲ್ಲಿಯೇ ನನ್ನ ಎರಡನೆಯ, ಮೂರನೆಯ ಚೌಕಗಳು ಕುಸಿದವು. ಮಳೆ, ಗಾಳಿ ಮಾಡಿದ ಕೆಲಸವಲ್ಲ ಅದು. ಸುಮಾರು 18,000ದಿಂದ 15,000 ವರ್ಷಗಳ ಹಿಂದೆ, ಹಿಮಯುಗದ ಕೊನೆಯಲ್ಲಿ, ಉತ್ತರದಿಂದ ಇಳಿದ ಹಿಮದ ನಾಲಿಗೆಯೊಂದು ಕ್ಲಾರ್ಕ್ ಫೋರ್ಕ್ ನದಿಗೆ ಅಡ್ಡ ಕಟ್ಟೆಯಾಗಿ ಕೂತಿತು. ಹಿಂದೆ ಇಂದಿನ ಮೊಂಟಾನಾದ ಕಣಿವೆಗಳು ತುಂಬಿ ಸರೋವರವಾದವು; ಅದರ ಹೆಸರು ಮಿಸೌಲಾ. ಕಟ್ಟೆಯ ಬಳಿ ನೀರಿನ ಆಳ 2,000 ಅಡಿ. ಕಲ್ಲಿನ ಕಟ್ಟೆಯಾದರೆ ನೀರು ಮೇಲೆ ಉಕ್ಕಿ ಹರಿಯುತ್ತದೆ. ಹಿಮದ ಕಟ್ಟೆಗೆ ಆ ಭಾಗ್ಯವಿಲ್ಲ. ಹಿಮ ನೀರಿಗಿಂತ ಹಗುರ. ನೀರು ಅದರ ಎತ್ತರದ ಹತ್ತರಲ್ಲಿ ಒಂಬತ್ತು ಪಾಲು ಮುಟ್ಟಿದರೆ ಕಟ್ಟೆಯೇ ತೇಲಲು ನೋಡುತ್ತದೆ. ಬುಡ ಸಡಿಲವಾಯಿತು, ಕಟ್ಟೆ ಒಡೆಯಿತು, ಸರೋವರ ಕೆಲವೇ ದಿನಗಳಲ್ಲಿ ಬರಿದಾಯಿತು.

ಎಷ್ಟು ನೀರು? ಪುಸ್ತಕಗಳಲ್ಲಿ 2,000 ಘನ ಕಿಲೋಮೀಟರ್‌ಗೂ ಹೆಚ್ಚು ಎಂದಿರುತ್ತದೆ. ನಮಗೆ ಅದರಿಂದ ಏನೂ ಕಾಣುವುದಿಲ್ಲ. ಕಾವೇರಿ ಕುಡಿಯುವವರಿಗೆ ನೀರಿನ ಅಳತೆ ಟಿಎಂಸಿ. 2018ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಬೆಂಗಳೂರಿಗೆಂದು ಹೆಚ್ಚುವರಿಯಾಗಿ ಸಿಕ್ಕ 4.75 ಟಿಎಂಸಿಗೆ ನಾವು ಎಷ್ಟು ಸಂಭ್ರಮಿಸಿದೆವು ನೆನಪಿದೆಯಲ್ಲ. ಕೃಷ್ಣರಾಜಸಾಗರ ತುಂಬಿ ತುಳುಕಿದರೆ 49 ಟಿಎಂಸಿ ಚಿಲ್ಲರೆ. ಮಿಸೌಲಾ ಸರೋವರದ್ದು 70,000 ಟಿಎಂಸಿಗೂ ಹೆಚ್ಚು. ಹದಿನಾಲ್ಕು ನೂರು ಕನ್ನಂಬಾಡಿ ಕಟ್ಟೆಗಳು ಒಟ್ಟಿಗೆ ಒಡೆದು, ಬೀಕನ್ ರಾಕ್ ಇರುವ ಕೊಲಂಬಿಯಾ ನದಿಯ ಒಂದೇ ಕಮರಿಯಲ್ಲಿ ನುಗ್ಗಿದಂತೆ. ಕಮರಿಯಿಂದ ಹೊರಬಿದ್ದ ಮೇಲೂ, ಇಂದು ಪೋರ್ಟ್‌ಲ್ಯಾಂಡ್ ಇರುವಲ್ಲಿ, ನೀರು 400 ಅಡಿ ನಿಂತಿತ್ತು. ಕಮರಿಯೊಳಗೆ ಅದಕ್ಕಿಂತ ಮೇಲೆ. ಅದೂ ಒಮ್ಮೆಯಲ್ಲ. ಹಿಮ ಮತ್ತೆ ಬಂದು ಕಟ್ಟೆ ಕಟ್ಟುತ್ತಿತ್ತು, ಮತ್ತೆ ಒಡೆಯುತ್ತಿತ್ತು, ಹೀಗೆ ಹತ್ತಾರು ಬಾರಿ. ಸಡಿಲ ಕಿಟ್ಟದ ಗುಡ್ಡೆ ಆ ರಭಸಕ್ಕೆ ಎಷ್ಟರದು? ಎರಕ ಮಾತ್ರ ನಿಂತಿತು.

ಬಂಡೆಯಿಂದಿಳಿದು ಪಶ್ಚಿಮ ದ್ವಾರದ ಹೊರಗೆ ಬೈ ಟೂ ಕಾಫಿ ಕುಡಿಯುವಾಗ ಮೇಷ್ಟ್ರು ಇನ್ನೊಂದು ಮಾತು ಹೇಳಿದರು. ನನ್ನ ಮುಖ ಸಣ್ಣಗಾದದ್ದನ್ನು ನೋಡಿ ಹೇಳಿದರೋ ಏನೋ. ನಿಧಾನದ ಸವೆತವನ್ನು ಬರೆದವಳು ನೀನೊಬ್ಬಳೇ ಅಲ್ಲ, ದೊಡ್ಡದೊಡ್ಡವರೇ ಹಾಗೆ ಬರೆದಿದ್ದರು. 1923ರಲ್ಲಿ ಜೆ. ಹಾರ್ಲೆನ್ ಬ್ರೆಟ್ಜ್ ಎಂಬ ಭೂವಿಜ್ಞಾನಿ, ಮೊದಲು ಸಿಯಾಟಲ್‌ನಲ್ಲಿ ಹೈಸ್ಕೂಲ್ ಮೇಷ್ಟರಾಗಿದ್ದವರು, ವಾಷಿಂಗ್ಟನ್ ರಾಜ್ಯದ ಪೂರ್ವಭಾಗದ ಬೋಳು ಕಲ್ಲುಗಾಡನ್ನು ವರ್ಷಗಟ್ಟಲೆ ನಡೆದು ನೋಡಿ, ಇದು ಒಂದು ಮಹಾಪ್ರವಾಹ ಕೆತ್ತಿದ ನೆಲ ಎಂದರು. 1927ರ ಜನವರಿಯಲ್ಲಿ ಅಮೆರಿಕದ ರಾಜಧಾನಿಯಲ್ಲಿ ಸಭೆ ಕರೆದು ಅವರನ್ನು ಎದುರು ನಿಲ್ಲಿಸಿಕೊಂಡು ಹಿರಿಯರು ಒಬ್ಬೊಬ್ಬರಾಗಿ ಖಂಡಿಸಿದರು. ಖಂಡಿಸಿದವರಲ್ಲಿ ಹಲವರು ಆ ನೆಲದ ಮೇಲೆ ಕಾಲಿಟ್ಟವರೇ ಅಲ್ಲ. ಅಷ್ಟು ನೀರು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಬ್ರೆಟ್ಜ್ ಬಳಿಯೂ ಗಟ್ಟಿ ಉತ್ತರವಿರಲಿಲ್ಲ. ಮಿಸೌಲಾ ಸರೋವರದ ಬಗ್ಗೆ ತಿಳಿದಿದ್ದ ಇನ್ನೊಬ್ಬ ಭೂವಿಜ್ಞಾನಿ ಜೋಸೆಫ್ ಪಾರ್ಡೀ 1940ರಲ್ಲಿ, ಅದರ ಒಣಗಿದ ತಳದಲ್ಲಿ ಹತ್ತಾರು ಅಡಿ ಎತ್ತರದ ಅಲೆಯ ಗುರುತುಗಳನ್ನು ತೋರಿಸಿದರು. ಸಮುದ್ರ ದಂಡೆಯ ಮರಳಿನಲ್ಲಿ ಬೆರಳುದ್ದ ಇರುವ ಅಲೆಗಳೇ, ಮನೆಯೆತ್ತರಕ್ಕೆ. ಬ್ರೆಟ್ಜ್‌ಗೆ ಭೂವಿಜ್ಞಾನದ ದೊಡ್ಡ ಗೌರವವಾದ ಪೆನ್‌ರೋಸ್ ಪದಕ ಸಿಕ್ಕಿದ್ದು 1979ರಲ್ಲಿ, ತೊಂಬತ್ತು ದಾಟಿದ ಮೇಲೆ.

ವಾಪಸು ಬಂದು ಹಾಳೆ ಬದಲಿಸಿದೆ. ಬಂಡೆಯನ್ನು ಬರೆಯುವುದು ಅರ್ಧ ದಿನದ ಕೆಲಸ, ಅದು ಕಣ್ಣೆದುರು ಇದೆ. ಕಷ್ಟವಾದದ್ದು ಹೋದ ಗುಡ್ಡವನ್ನು ಬರೆಯುವುದು. ಗಟ್ಟಿಯಾಗಿ ಬರೆದರೆ ಮಕ್ಕಳು ಅದು ಹೀಗೇ ಇತ್ತು ಎಂದು ನಂಬುತ್ತಾರೆ. ಬಿಟ್ಟರೆ ಬಂಡೆ ಆಕಾಶದಿಂದ ಬಿದ್ದಂತೆ ಕಾಣುತ್ತದೆ. ಕೊನೆಗೆ ಒಂದು ಕಟ್ಟಳೆ ಮಾಡಿಕೊಂಡೆ: ಈಗ ಇರುವುದಕ್ಕೆ ಗಟ್ಟಿ ಗೆರೆ, ಊಹಿಸಿದ್ದಕ್ಕೆ ತುಂಡು ಗೆರೆ, ಹೋದದ್ದು ಎಲ್ಲಿಗೆ ಹೋಯಿತೆಂದು ತೋರಿಸಲು ಬಾಣ. ಪ್ರವಾಹದ ಚೌಕವನ್ನು ಎಲ್ಲಕ್ಕಿಂತ ದೊಡ್ಡದು ಮಾಡಿ, ಮೂಲೆಯಲ್ಲಿ ಕನ್ನಂಬಾಡಿಯನ್ನು ಗುಂಡುಸೂಜಿಯ ತಲೆಯಷ್ಟು ಇಟ್ಟೆ. ಬಂಡೆಯ ಪಕ್ಕದಲ್ಲಿ ವಿಧಾನಸೌಧವನ್ನು ಒಂದರ ಮೇಲೊಂದು ಪೇರಿಸಿದೆ, ಐದೂವರೆ ಬೇಕಾದವು. ಡೈನೋಸಾರ್‌ಗಳ ಜಾಗಕ್ಕೆ ಮ್ಯಾಮತ್ ಆನೆಗಳು ಬಂದವು. ಅದಕ್ಕೆ ಮೇಷ್ಟ್ರು ತಕರಾರು ಮಾಡಲಿಲ್ಲ. 'ಎರಡನೆಯ ದೊಡ್ಡ ಏಕಶಿಲೆ' ಹಾರಿಹೋಯಿತು. ಸಾವನದುರ್ಗದ ಊರಿನಲ್ಲಿ ಕೂತು ಆ ಮಾತನ್ನು ಹೇಗೆ ನಂಬಿದೆನೋ, ಈಗ ನೆನೆದರೆ ನಗು ಬರುತ್ತದೆ.

ಕೆಳಗಿನ ಪಟ್ಟಿಯಲ್ಲಿ ಮನುಷ್ಯರ ಕಥೆ ಚಿಕ್ಕದಾಗಿ ಬಂತು. 1805ರ ಅಕ್ಟೋಬರ್ 31ರಂದು ಅಮೆರಿಕದ ಪಶ್ಚಿಮ ಕರಾವಳಿಗೆ ದಾರಿ ಹುಡುಕಿ ಹೊರಟಿದ್ದ ಲೂಯಿಸ್ ಮತ್ತು ಕ್ಲಾರ್ಕ್ ತಂಡದವರು ಇದನ್ನು ಕಂಡು ಬರೆದಿಟ್ಟರು. ಸಮುದ್ರ ಇನ್ನೂ 200 ಕಿ.ಮೀ.ಗಿಂತ ದೂರವಿದ್ದರೂ ನದಿಯಲ್ಲಿ ಉಬ್ಬರವಿಳಿತದ ಗುರುತು ಅವರಿಗೆ ಕಾಣಿಸಿದ್ದು ಇಲ್ಲಿಯೇ. ಮುಂದೆ ನದೀಮುಖದ ತಡೆಗೋಡೆಗೆ ಕಲ್ಲು ಬೇಕೆಂದು ಬಂಡೆಯನ್ನೇ ಸಿಡಿಸುವ ಯೋಜನೆ ಹುಟ್ಟಿತ್ತು. 1915ರಲ್ಲಿ ಹೆನ್ರಿ ಬಿಡ್ಲ್ ಎಂಬುವರು ಇದನ್ನು ಒಂದು ಡಾಲರಿಗೆ ಕೊಂಡು, ಮೂರು ವರ್ಷ ಕೂತು ತುದಿಯವರೆಗೆ ಕಾಲುದಾರಿ ಕಡಿಸಿದರು. ನಮ್ಮ ರಾಮನಗರದ ಕಡೆ ಅಂಥ ಒಬ್ಬರು ಸಿಕ್ಕಿದ್ದರೆ ಎಷ್ಟು ಗುಡ್ಡಗಳು ಉಳಿಯುತ್ತಿದ್ದವೋ.

ಮುದ್ರಣ ಹತ್ತು ದಿನ ತಡವಾಯಿತು. ಎರಡನೆಯ ಸಲ ಬರೆದದ್ದಕ್ಕೆ ಹಣ ಕೇಳುವ ಮುಖ ನಮಗಿರಲಿಲ್ಲ.

ಸರಣಿಯ ಕೊನೆಗೆ ಸಾವನದುರ್ಗ ಬಂದಾಗ ಮೇಷ್ಟ್ರು ಕೇಳುವ ಮೊದಲೇ ನಾನೇ ಕೇಳಿಕೊಂಡೆ. ಇದೂ ಬೋಳು ಬಂಡೆ, ಇದರ ಬುಡದಲ್ಲೂ ನದಿ. ಆದರೆ ಇದು ಜ್ವಾಲಾಮುಖಿಯಲ್ಲ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಡಿ ಕಿಲೋಮೀಟರ್‌ಗಟ್ಟಲೆ ಆಳದಲ್ಲಿ ಹೆಪ್ಪುಗಟ್ಟಿದ ಗ್ರಾನೈಟ್. ರಾಮನಗರದ ಹಳೆಯ ಹೆಸರಿನಿಂದ ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಮೇಲಿದ್ದ ನೆಲವೆಲ್ಲ ಹೋಗಿ ಅದು ಬಿಸಿಲು ಕಂಡಿದೆ, ಇಲ್ಲಿ ನಿಜವಾಗಿಯೂ ನಿಧಾನವಾಗಿ. ಅಳತೆಗೆ ಸರಿಯಾಗಿ ಬರೆಯಹೊರಟರೆ ಆರು ಅಡಿಯ ಹಾಳೆಯ ತಳದಲ್ಲಿ ಬೆಟ್ಟ ಒಂದು ಗೇಣು ಬಂತು. ಉಳಿದ ಎತ್ತರವೆಲ್ಲ ತುಂಡು ಗೆರೆಗಳು, ಅವೂ ಮೇಲೆ ಹೋದಂತೆ ಮಸುಕು.

ಮುದ್ರಣಾಲಯದಿಂದ ಫೋನ್ ಬಂತು. ಮೇಲೆ ಇಷ್ಟು ಜಾಗ ಖಾಲಿ ಬಿಟ್ಟಿದ್ದೀರಲ್ಲ ಮೇಡಂ, ಏನಾದರೂ ಬರುವುದು ಬಾಕಿ ಇದೆಯೇ ಎಂದು ಕೇಳಿದರು. ಇಲ್ಲ, ಹಾಗೇ ಹಾಕಿ ಎಂದೆ.