ಕ್ಯಾಟ್ 6 ಕೇಬಲ್‌ಗೆ ಯಾವ ಜಾಕ್?

ತುಮಕೂರಿನ ಅಂಗಡಿಗಳಲ್ಲಿ ಲ್ಯಾನ್ ಕೇಬಲ್ ಕೊಳ್ಳುವವರು ಕ್ಯಾಟ್ 5ಇ ದರ್ಜೆ ಸಾಕೋ, ಅದಕ್ಕಿಂತ ಮೇಲಿನ ಕ್ಯಾಟ್ 6 ಬೇಕೋ ಎಂದು ಚೆನ್ನಾಗಿ ವಿಚಾರಿಸುತ್ತಾರೆ. ಕೇಬಲ್ ತುದಿಗೆ ಹಾಕುವ ಪ್ಲಾಸ್ಟಿಕ್ ಪ್ಲಗ್, ಅಂದರೆ ಜಾಕ್‌ನ ಮಾತು ಬಂದಾಗ ಮಾತ್ರ "ಒಂದಿಪ್ಪತ್ತು ಆರ್‌ಜೆ 45 ಹಾಕ್ಬಿಡಿ" ಅಂದು ಮುಗಿಸುತ್ತಾರೆ. ಮನೆಗಳಿಗೆ ನೆಟ್‌ವರ್ಕ್ ಎಳೆಯುವ ನನ್ನ ಕೆಲಸದಲ್ಲಿ ಎದುರಾಗುವ ದೂರುಗಳ ಮೂಲ ಹೆಚ್ಚಾಗಿ ಆ ಜಾಕ್‌ಗಳಲ್ಲೇ ಇರುತ್ತದೆ.

ಕ್ಯಾತ್ಸಂದ್ರದ ಕಡೆ ಒಂದು ಹೊಸ ಮನೆ. ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡುವ ಹುಡುಗಿ. "ಪ್ಲಾನ್ 300 ಎಂಬಿಪಿಎಸ್ ಅಣ್ಣ, ಮೇಲಿನ ರೂಮಲ್ಲಿ 94 ದಾಟ್ತಾನೇ ಇಲ್ಲ. ಇಂಟರ್‌ನೆಟ್ ಕಂಪನಿಯವರು ಲೈನ್ ಸರಿಯಾಗೇ ಇದೆ ಅಂತಾರೆ" ಎಂದಳು. 94 ಎಂದ ಕೂಡಲೇ ನನಗೆ ಅನುಮಾನ ಬಂತು. 100 ಎಂಬಿಪಿಎಸ್ ಲಿಂಕ್‌ಗೆ ಎರಡು ಜೋಡಿ ತಂತಿ ಸಾಕು: 1, 2, 3, 6ನೇ ಪಿನ್. ಗಿಗಾಬಿಟ್‌ಗೆ, ಅಂದರೆ 1000 ಎಂಬಿಪಿಎಸ್‌ಗೆ, ನಾಲ್ಕೂ ಜೋಡಿ ಬೇಕು. ಉಳಿದೆರಡು ಜೋಡಿಯಲ್ಲಿ ಒಂದು ಕೈಕೊಟ್ಟರೆ ಸಾಮಾನ್ಯವಾಗಿ ಲಿಂಕ್ 100ಕ್ಕೆ ಇಳಿಯುತ್ತದೆ, ಸ್ಪೀಡ್ ಟೆಸ್ಟ್‌ನಲ್ಲಿ ಅದು 94ರ ಆಸುಪಾಸು ಕಾಣುತ್ತದೆ.

ಜಾಕ್ ಕತ್ತರಿಸಿ ನೋಡಿದೆ. ಕೇಬಲ್ ಕ್ಯಾಟ್ 6, ಜಾಕ್ ಕ್ಯಾಟ್ 5ಇ. ಕ್ಯಾಟ್ 6ರ ತಾಮ್ರ ಸಾಮಾನ್ಯವಾಗಿ 23 ಗೇಜ್, 5ಇ ತಂತಿಯ 24 ಗೇಜ್‌ಗಿಂತ ದಪ್ಪ (ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ತಂತಿ ದಪ್ಪ). ಮೇಲಿನ ಹೊದಿಕೆಯೂ ದಪ್ಪ. ಸಣ್ಣ ತೂತಿನೊಳಗೆ ಬಲವಂತವಾಗಿ ತುರುಕಿದ್ದರಿಂದ ಕಂದು ತಂತಿ ಕೊನೆಯವರೆಗೆ ಹೋಗಿಯೇ ಇರಲಿಲ್ಲ. ಕ್ಯಾಟ್ 6 ಜಾಕ್‌ಗಳಲ್ಲಿ ತೂತು ದೊಡ್ಡದು, ಹಲವು ಜಾಕ್‌ಗಳಲ್ಲಿ ತೂತುಗಳು ಒಂದು ಮೇಲೆ ಒಂದು ಕೆಳಗೆ ಇರುತ್ತವೆ. ಸರಿಯಾದ ಜಾಕ್ ಹಾಕಿದ ಮೇಲೆ ಲಿಂಕ್ 1000ಕ್ಕೆ ಏರಿತು.

ದಪ್ಪ ಹೊಂದಿದರೂ ಇನ್ನೊಂದು ವಿಷಯ ನೋಡಬೇಕು. ಗೋಡೆಯೊಳಗಿನ ಕೇಬಲ್‌ನಲ್ಲಿ ಒಂದೇ ಗಟ್ಟಿ ತಂತಿ, ಪ್ಯಾಚ್ ಕಾರ್ಡ್‌ನಲ್ಲಿ (ಸಾಕೆಟ್‌ನಿಂದ ಕಂಪ್ಯೂಟರ್‌ಗೆ ಹಾಕುವ ಚಿಕ್ಕ ಕೇಬಲ್) ಸಣ್ಣ ಎಳೆಗಳ ಕಂತೆ. ಎಳೆತಂತಿಗೆಂದೇ ಮಾಡಿದ ಜಾಕ್‌ನ ಲೋಹದ ಹಲ್ಲು ಎಳೆಗಳ ನಡುವೆ ಚುಚ್ಚಿಕೊಳ್ಳುತ್ತದೆ. ಗಟ್ಟಿ ತಂತಿಗೆ ಅದೇ ಹಲ್ಲು ಬಿದ್ದರೆ ಪಕ್ಕಕ್ಕೆ ಜಾರುತ್ತದೆ. ಗಟ್ಟಿ ತಂತಿಗೆ ಅದನ್ನು ಎರಡೂ ಕಡೆಯಿಂದ ಹಿಡಿಯುವ ಹಲ್ಲು ಬೇಕು. ತಪ್ಪು ಜಾಕ್ ಹಾಕಿದರೂ ಮೊದಲ ದಿನ ಕೆಲಸ ಮಾಡುತ್ತದೆ, ತಿಂಗಳುಗಳಾದ ಮೇಲೆ ಸಂಪರ್ಕ ಆಗಾಗ ಹೋಗಿ ಬರುತ್ತದೆ. ಇದೇ ಎಲ್ಲಕ್ಕಿಂತ ಕಷ್ಟದ ದೂರು, ನಾವು ಹೋದಾಗ ಎಲ್ಲವೂ ಸರಿಯಿರುತ್ತದೆ.

ಅಗ್ಗದ ಟೆಸ್ಟರ್‌ನ ಎಂಟು ದೀಪವನ್ನೂ ಪೂರ್ತಿ ನಂಬಬೇಡಿ. ತಂತಿ ಈ ತುದಿಯಿಂದ ಆ ತುದಿಗೆ ಮುಟ್ಟಿದೆಯೇ ಎಂಬುದಷ್ಟೇ ಅದಕ್ಕೆ ಗೊತ್ತು. 3 ಮತ್ತು 6ನೇ ಪಿನ್‌ಗೆ ಒಂದೇ ಜೋಡಿಯ ತಂತಿ ಬರದಿದ್ದರೂ, ಎರಡು ತುದಿಯಲ್ಲೂ ಒಂದೇ ಕ್ರಮವಿದ್ದರೆ ದೀಪಗಳು ಹತ್ತುತ್ತವೆ. ಲ್ಯಾಪ್‌ಟಾಪ್ ಚುಚ್ಚಿ ಲಿಂಕ್ ಸ್ಪೀಡ್ 1000 ತೋರಿಸುವವರೆಗೆ ನಾನು ಟೂಲ್ ಒಳಗಿಡುವುದಿಲ್ಲ.

ಮನೆ ಕಟ್ಟಿಸುತ್ತಿದ್ದರೆ, ಗೋಡೆಯ ಕೇಬಲ್ ತುದಿಗೆ ಜಾಕ್ ಕ್ರಿಂಪ್ ಮಾಡಿಸುವುದೇ (ಟೂಲ್‌ನಿಂದ ಒತ್ತಿ ಕೂರಿಸುವುದೇ) ಬೇಡ. ಗೋಡೆಯ ನೆಟ್‌ವರ್ಕ್ ಸಾಕೆಟ್‌ಗೆ, ಅಂದರೆ ಕ್ಯಾಟ್ 6 ಐಒ ಬಾಕ್ಸ್‌ಗೆ, ತಂತಿಗಳನ್ನು ಪಂಚ್ ಮಾಡಿಸಿ (ಒತ್ತಿ ಕೂರಿಸಿ), ಅಲ್ಲಿಂದ ಮುಂದೆ ಫ್ಯಾಕ್ಟರಿಯ ಪ್ಯಾಚ್ ಕಾರ್ಡ್ ಹಾಕಿ. ಜೋಡಿಯ ಹುರಿಯನ್ನು 13 ಮಿಲಿಮೀಟರ್‌ಗಿಂತ ಹೆಚ್ಚು ಬಿಚ್ಚಲು ಬಿಡಬೇಡಿ. ಕೇಬಲ್‌ನ ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ವಾಪಸ್ ಕೊಡಿ. ಬೇಗ ಮುರಿಯುತ್ತದೆ, ನೆಟ್‌ವರ್ಕ್ ಕೇಬಲ್‌ನಿಂದಲೇ ವಿದ್ಯುತ್ ಪಡೆಯುವ ಪಿಒಇ ಕ್ಯಾಮೆರಾಗೆ ಕರೆಂಟೂ ಸರಿಯಾಗಿ ತಲುಪುವುದಿಲ್ಲ.

ಎಸ್‌ಐಟಿ ಬಡಾವಣೆಯಂಥ ಕಡೆ ಹಳೇ ಮನೆಯ ಗೋಡೆಯೊಳಗೆ ಒಳ್ಳೆಯ ಕ್ಯಾಟ್ 5ಇ ಈಗಾಗಲೇ ಇದ್ದರೆ ಕೀಳಿಸಬೇಡಿ. ಅದು 100 ಮೀಟರ್‌ವರೆಗೂ ಗಿಗಾಬಿಟ್ ಒಯ್ಯುತ್ತದೆ. ಅದಕ್ಕೆ ಕ್ಯಾಟ್ 5ಇ ಜಾಕನ್ನೇ ಕೇಳಿ ತನ್ನಿ.