ಲೇಯಿಂಗ್ ಅಪ್ ಸಪ್ಪರ್: ಕಪ್‌ಗಳು ಮೇಜಿಗೆ ಬರುವ ಮುನ್ನ

ಬ್ರಿಟನ್ನಿನ ಡಿಂಗಿ (ಸಣ್ಣ ಹಾಯಿದೋಣಿ) ಕ್ಲಬ್‌ಗಳಲ್ಲಿ ಅಕ್ಟೋಬರ್ ಕೊನೆಗೋ ನವೆಂಬರಿಗೋ ಒಂದು ರಾತ್ರಿ ಊಟ ಇರುತ್ತದೆ. ಅದಕ್ಕೆ ಲೇಯಿಂಗ್ ಅಪ್ ಸಪ್ಪರ್ ಅಂತಾರೆ. ದೋಣಿಗಳನ್ನು ಚಳಿಗಾಲಕ್ಕೆ ಕಟ್ಟಿಡುವುದು ಲೇಯಿಂಗ್ ಅಪ್. ಅದರ ಹೆಸರಲ್ಲಿ ಊಟ, ಊಟದ ನೆಪದಲ್ಲಿ ವರ್ಷದ ಬಹುಮಾನ. ಈಗ ಎಷ್ಟೋ ಕ್ಲಬ್‌ಗಳು ಜನವರಿಯಲ್ಲೂ ರೇಸ್ ನಡೆಸುತ್ತವೆ, ಹೆಸರು ಮಾತ್ರ ಹಳೆಯದೇ ಉಳಿದಿದೆ. ಆಪ್ಟಿಮಿಸ್ಟ್ ಅನ್ನುವ ಪುಟ್ಟ ದೋಣಿಯ ಮಕ್ಕಳ ತರಬೇತಿಗೆಂದು ಕ್ಲಬ್ ಸೇರಿದ ಕನ್ನಡದ ಮನೆಯವರಿಗೂ ಒಂದಲ್ಲ ಒಂದು ವರ್ಷ ‘ಈ ಸಲ ಟ್ರೋಫಿ ನೀವು ನೋಡ್ಕೊಳ್ತೀರಾ’ ಅನ್ನುವ ಪ್ರಶ್ನೆ ಬರುತ್ತದೆ. ಹೂಂ ಅಂದುಬಿಟ್ಟವರಿಗಾಗಿ ಈ ಬರಹ.

ಊಟ ಸಪ್ಪೆಯಾದರೆ ಜನ ಮರುವಾರ ಮರೆಯುತ್ತಾರೆ. ಕಪ್ ತಪ್ಪು ಕೈಗೆ ಹೋದರೆ ಹತ್ತು ವರ್ಷ ಮರೆಯುವುದಿಲ್ಲ. ಆದ್ದರಿಂದ ಮೊದಲು ಲೆಕ್ಕ.

ಅಂಕ ಹಾಕುವುದು ಸೇಲಿಂಗ್ ನಿಯಮಾವಳಿಯ ಅನುಬಂಧ ‘ಎ’ ಪ್ರಕಾರ. ಮೊದಲು ಬಂದವರಿಗೆ 1, ಎರಡನೆಯವರಿಗೆ 2, ಹೀಗೆ. ಕಡಿಮೆ ಅಂಕದವರೇ ಗೆದ್ದವರು. ಬಾರದವರಿಗೆ, ಮುಗಿಸದವರಿಗೆ, ಅನರ್ಹರಾದವರಿಗೆ ಸರಣಿಗೆ ಸೇರಿದ ಒಟ್ಟು ದೋಣಿಗಳ ಸಂಖ್ಯೆಗೆ ಒಂದು ಕೂಡಿಸಿದಷ್ಟು. 14 ದೋಣಿಯ ಸರಣಿಯಾದರೆ 15. ನೀರಿಗಿಳಿದು ಮುಗಿಸಲಾಗದವರಿಗೂ ಮನೆಯಲ್ಲೇ ಉಳಿದವರಿಗೂ ಒಂದೇ ಅಂಕ ಬೇಡ ಅನ್ನಿಸಿದರೆ, ಅದಕ್ಕೆ ಎ5.3 ಅನ್ನುವ ಬೇರೆ ನಿಯಮ ಇದೆ. ಆದರೆ ಅದು ಅನ್ವಯಿಸುತ್ತದೆ ಅಂತ ಸರಣಿಯ ಸೂಚನಾಪತ್ರದಲ್ಲಿ ಮೊದಲೇ ಬರೆದಿರಬೇಕು.

ಎಡವಟ್ಟು ಹೆಚ್ಚಾಗುವುದು ಒಂದೇ ಕಡೆ: ಒಬ್ಬರೇ ವ್ಯಕ್ತಿ ಪಟ್ಟಿಯಲ್ಲಿ ಎರಡು ಸಲ. ಮೇ ತಿಂಗಳಲ್ಲಿ ಸ್ವಂತ ದೋಣಿ, ಜುಲೈನಲ್ಲಿ ಗೆಳೆಯರ ದೋಣಿ, ಹಾಯಿಯ ಮೇಲಿನ ಸಂಖ್ಯೆ ಬೇರೆ, ಹೆಸರಿನ ಕಾಗುಣಿತವೂ ಒಂದಕ್ಷರ ಬೇರೆ. ಸೇಲ್‌ವೇವ್‌ನಂಥ ತಂತ್ರಾಂಶಕ್ಕೆ ಅವರು ಇಬ್ಬರು. ಅವರ ಅಂಕ ಎರಡಾಗಿ ಒಡೆಯುತ್ತದೆ ಅನ್ನುವುದಷ್ಟೇ ಅಲ್ಲ, ದೋಣಿಗಳ ಸಂಖ್ಯೆ 14ರ ಬದಲು 15 ಆಗಿ, ಗೈರಾದವರ ಅಂಕ ಎಲ್ಲರಿಗೂ 16ಕ್ಕೆ ಏರುತ್ತದೆ. ಗೈರುಹಾಜರಿಯನ್ನೂ ಲೆಕ್ಕಕ್ಕೆ ಹಿಡಿಯಬೇಕಾದವರು, ಅಂದರೆ ರೇಸ್ ಕಡಿಮೆ ಮಾಡಿದವರು, ಕಾರಣವಿಲ್ಲದೆ ಒಂದೆರಡು ಸ್ಥಾನ ಕೆಳಗಿಳಿಯುತ್ತಾರೆ. ಸರಣಿ ಮುಗಿದ ಮೇಲೆ ಪಟ್ಟಿಯನ್ನು ಹೆಸರಿನ ಅಕ್ಷರಕ್ರಮದಲ್ಲಿ ಜೋಡಿಸಿ ಒಮ್ಮೆ ಕಣ್ಣಾಡಿಸಿದರೆ ಅವಳಿಗಳು ಸಿಕ್ಕಿಬೀಳುತ್ತವೆ.

ಎರಡನೆಯ ಜಗಳ ಸಮಬಲದ್ದು. ಆರು ರೇಸು, ಒಳ್ಳೆಯ ನಾಲ್ಕು ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ. ನೀಲಿ ದೋಣಿಯ ಅಂಕ 1, 3, 2, 4, 15, 2. ಕೆಂಪಿನದು 2, 1, 5, 2, 3, 6. ನೀಲಿಯದ್ದರಲ್ಲಿ 4 ಮತ್ತು 15 ಬಿಟ್ಟರೆ 8. ಕೆಂಪಿನಲ್ಲಿ 5 ಮತ್ತು 6 ಬಿಟ್ಟರೆ ಅದೂ 8. ಈಗ ಬಾರಿನಲ್ಲಿ ವಾದ ಶುರುವಾಗುತ್ತದೆ. ಕೆಂಪು ಬಿಟ್ಟ ರೇಸುಗಳೂ ಚೆನ್ನಾಗಿವೆಯಲ್ಲ ಅಂತ ಒಬ್ಬರು. ಎದುರುಬದುರಾದಾಗ ಯಾರು ಎಷ್ಟು ಸಲ ಗೆದ್ದರು ನೋಡಿ ಅಂತ ಇನ್ನೊಬ್ಬರು (ನೋಡಿದರೆ ಅದೂ ಮೂರು–ಮೂರು). ನಿಯಮಕ್ಕೆ ಇವೆರಡೂ ಬೇಕಿಲ್ಲ. ಎ8.1: ಲೆಕ್ಕಕ್ಕೆ ಬಂದ ಅಂಕಗಳನ್ನು ಒಳ್ಳೆಯದರಿಂದ ಕೆಟ್ಟದ್ದಕ್ಕೆ ಜೋಡಿಸಿ, ಮೊದಲು ಎಲ್ಲಿ ವ್ಯತ್ಯಾಸ ಬರುತ್ತದೋ ಅಲ್ಲಿ ಒಳ್ಳೆಯ ಅಂಕದವರು ಮೇಲೆ. ಇಲ್ಲಿ ಇಬ್ಬರದ್ದೂ 1, 2, 2, 3. ಹಾಗಾಗಿ ಎ8.2: ಕೊನೆಯ ರೇಸ್ ನೋಡಿ, ಅದು ಬಿಟ್ಟ ಅಂಕವಾಗಿದ್ದರೂ ಸರಿ. ನೀಲಿ 2, ಕೆಂಪು 6. ಕಪ್ ನೀಲಿಗೆ. ಈ ನಾಲ್ಕು ಸಾಲನ್ನು ಚೀಟಿಯಲ್ಲಿ ಬರೆದು ಕಿಸೆಯಲ್ಲಿಟ್ಟುಕೊಂಡಿರಿ, ಆ ರಾತ್ರಿ ಖಂಡಿತ ಯಾರಾದರೂ ಕೇಳುತ್ತಾರೆ.

ಬೇರೆ ಬೇರೆ ಜಾತಿಯ ದೋಣಿಗಳು ಒಟ್ಟಿಗೆ ಓಡಿದಾಗ ಪೋರ್ಟ್ಸ್‌ಮತ್ ಯಾರ್ಡ್‌ಸ್ಟಿಕ್ ಬರುತ್ತದೆ: ವೇಗದ ವ್ಯತ್ಯಾಸ ಸರಿದೂಗಿಸಲು ಪ್ರತಿ ಜಾತಿಗೂ ಒಂದು ಸಂಖ್ಯೆ. ತೆಗೆದುಕೊಂಡ ಸೆಕೆಂಡುಗಳನ್ನು 1000ದಿಂದ ಗುಣಿಸಿ ಆ ಜಾತಿಯ ಸಂಖ್ಯೆಯಿಂದ ಭಾಗಿಸಬೇಕು. ಸಂಖ್ಯೆ 1100 ಇರುವ ದೋಣಿ 48 ನಿಮಿಷ 30 ಸೆಕೆಂಡಿಗೆ ಮುಗಿಸಿತು: 2910 ಸೆಕೆಂಡು, ತಿದ್ದಿದ ಸಮಯ 2645. 1140ರ ದೋಣಿ 50 ನಿಮಿಷ 5 ಸೆಕೆಂಡಿಗೆ: 3005 ಸೆಕೆಂಡು, ತಿದ್ದಿದರೆ 2636. ಒಂದೂವರೆ ನಿಮಿಷ ಹಿಂದೆ ಬಂದದ್ದು 9 ಸೆಕೆಂಡಿನಿಂದ ಗೆದ್ದಿತು. ರಾಯಲ್ ಯಾಟಿಂಗ್ ಅಸೋಸಿಯೇಷನ್ ಈ ಸಂಖ್ಯೆಗಳನ್ನು ಆಗಾಗ ಪರಿಷ್ಕರಿಸುತ್ತದೆ. ಸರಣಿ ಯಾವ ಪಟ್ಟಿಯಿಂದ ಶುರುವಾಯಿತೋ ಅದರಲ್ಲೇ ಮುಗಿಯಬೇಕು. ನಡುವೆ ಹೊಸದನ್ನು ತುಂಬಿದರೆ ಏಪ್ರಿಲ್‌ನ ಫಲಿತಾಂಶವೂ ತಾನಾಗಿ ಬದಲಾಗಿ ಕೂತಿರುತ್ತದೆ.

ಇನ್ನು ಸರದಿ ಕೆಲಸ. ರೇಸ್ ಅಧಿಕಾರಿಯಾಗಿಯೋ ರಕ್ಷಣಾ ದೋಣಿಯಲ್ಲೋ ನಿಂತ ಸದಸ್ಯರಿಗೆ ಆ ದಿನದ ಓಟ ತಪ್ಪುತ್ತದೆ, ಅದಕ್ಕೆ ಸರಾಸರಿ ಅಂಕ ಕೊಡುವುದು ರೂಢಿ. ಯಾವುದರ ಸರಾಸರಿ? ಲೆಕ್ಕಕ್ಕೆ ಬಂದ ಒಳ್ಳೆಯ ರೇಸುಗಳದ್ದು ಅಂತ ಇಟ್ಟರೆ, ಗಾಳಿ ಜೋರಿದ್ದ ದಿನ ಡ್ಯೂಟಿಗೆ ನಿಲ್ಲುವುದೇ ಜಾಣತನವಾಗುತ್ತದೆ. ಅವರು ನಿಜವಾಗಿ ಓಡಿಸಿದ ಎಲ್ಲ ರೇಸುಗಳದ್ದು ಅಂತ ಇಡುವುದು ಮೇಲು. ಸರಣಿಗೆ ಇಂತಿಷ್ಟೇ ಸಲ ಅಂತ ಮಿತಿಯೂ ಇರಲಿ.

ಎಲ್ಲ ತಾಳೆಯಾದ ಮೇಲೆ ತಾತ್ಕಾಲಿಕ ಪಟ್ಟಿಯನ್ನು ಊಟಕ್ಕೆ ಮೂರು ವಾರ ಮುಂಚೆ ಫಲಕಕ್ಕೆ ಹಾಕಿ, ತಕರಾರಿಗೆ ಕೊನೆಯ ದಿನವನ್ನೂ ಬರೆಯಿರಿ. ಅಲ್ಲಿಯವರೆಗೆ ಕೆತ್ತನೆಯವರ ಹತ್ತಿರ ಹೋಗಲೇಬೇಡಿ.

ಕಪ್‌ಗಳ ಕತೆ ಬೇರೆ. ಹೋದ ವರ್ಷ ಗೆದ್ದವರ ಮನೆಯ ಅಟ್ಟದಲ್ಲಿ, ಊರು ಬಿಟ್ಟವರ ಪೆಟ್ಟಿಗೆಯಲ್ಲಿ ಅವು ಇರುತ್ತವೆ. ವಾಪಸ್ ಕೇಳುವ ಪತ್ರ ಆರು ವಾರ ಮುಂಚೆ ಹೋಗಬೇಕು. ಕೆಲವರಿಗೆ ಎರಡು ಸಲ. ಬಂದ ಕೂಡಲೇ ತಳ ತಿರುಗಿಸಿ ನೋಡಿ. ನಡೆಯುವ ಸಿಂಹದ ಮುದ್ರೆ ಇದ್ದರೆ ಅದು ನಿಜವಾದ ಸ್ಟರ್ಲಿಂಗ್ ಬೆಳ್ಳಿ, ಸಾವಿರಕ್ಕೆ 925 ಭಾಗ. ‘ಇಪಿಎನ್ಎಸ್’ ಅಂತಿದ್ದರೆ ನಿಕಲ್ ಮಿಶ್ರಲೋಹದ ಮೇಲೆ ಬೆಳ್ಳಿಯ ಲೇಪ, ಅಷ್ಟೆ. ವಿಮೆಗೂ ಇದು ಬೇಕು, ಉಜ್ಜುವುದಕ್ಕೂ ಬೇಕು. ಊರಲ್ಲಿ ವಿಭೂತಿ ಹಾಕಿ ಬೆಳ್ಳಿ ದೀಪ ಫಳಫಳ ಮಾಡುವ ಕೈ ಇಲ್ಲಿ ಹಗುರಾಗಬೇಕು: ಲೇಪದ ಕಪ್ ಅನ್ನು ವರ್ಷವರ್ಷ ತಿಕ್ಕಿದರೆ ಹಿಡಿಕೆಯ ಅಂಚಲ್ಲಿ, ಎದ್ದುಕಂಡ ಅಕ್ಷರಗಳ ಮೇಲೆ ಒಳಗಿನ ಲೋಹ ಹಳದಿಯಾಗಿಯೋ ಬೂದು ಬಣ್ಣವಾಗಿಯೋ ಇಣುಕುತ್ತದೆ. ಟೂತ್‌ಪೇಸ್ಟ್ ಅಂತೂ ಬೇಡ, ಗೀರು ಬೀಳುತ್ತದೆ. ಪಾತ್ರೆ ತೊಳೆಯುವ ಯಂತ್ರವೂ ಬೇಡ, ತೂಕಕ್ಕೆಂದು ತಳದಲ್ಲಿ ತುಂಬಿದ ರಾಳ ಬಿಸಿಗೆ ಕರಗಬಹುದು. ಕಾಗದ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟವರ ಕಪ್ ಮೇಲೆ ಸರಿಯಾಗಿ ಬ್ಯಾಂಡಿನ ಅಗಲದ ಕರಿ ಪಟ್ಟೆ ಮೂಡಿರುತ್ತದೆ. ರಬ್ಬರಿನೊಳಗಿನ ಗಂಧಕದ ಕೆಲಸ ಅದು.

ಹೆಸರಿಗೆ ಜಾಗ ಮುಗಿದಿದ್ದರೆ ಮರದ ಪೀಠಕ್ಕೆ ಇನ್ನೊಂದು ಪಟ್ಟಿ ಹಾಕಿಸಿ. ಗಾಬರಿ ಬೇಡ, ಹಾಯಿದೋಣಿ ರೇಸಿನ ಹೆಸರಾಂತ ಟ್ರೋಫಿ, 1851ರಿಂದ ಓಡಾಡುತ್ತಿರುವ ಅಮೆರಿಕಾಸ್ ಕಪ್‌ಗೇ ಹೆಸರು ಹಿಡಿಸದೆ ಕೆಳಗೆ ಪೀಠ ಸೇರಿಸಿದ್ದಾರೆ. ಲೇಪದ ಕಪ್ ಮೇಲೆ ಆಳವಾಗಿ ಕೆತ್ತಿಸುವುದಕ್ಕಿಂತ ಪೀಠದ ತಗಡಿನ ಮೇಲೆ ಕೆತ್ತಿಸುವುದೇ ಕ್ಷೇಮ.

ಕೆತ್ತನೆಯವರಿಗೆ ಹೆಸರನ್ನು ಬಾಯಲ್ಲಿ ಹೇಳಬೇಡಿ, ಅಚ್ಚು ಮಾಡಿದ ಹಾಳೆ ಕೊಡಿ. ನಮ್ಮವರ ಹೆಸರಿನ ವಿಚಾರದಲ್ಲಿ ಇದು ಇನ್ನೂ ಮುಖ್ಯ. ಊರಿನ ಹೆಸರು, ಅಪ್ಪನ ಹೆಸರು ಎರಡೂ ಇನಿಷಿಯಲ್ ಆಗಿ ಮುಂದಿರುತ್ತವೆ. ಸದಸ್ಯತ್ವದ ಅರ್ಜಿಯಲ್ಲಿ ಮನೆತನದ ಹೆಸರಿನ ಖಾನೆಗೆ ಅಪ್ಪನ ಹೆಸರು ಹೋಗಿರುತ್ತದೆ. ಹಾಗೇ ಕೆತ್ತಿದರೆ ಮಗಳು ಗೆದ್ದ ಕಪ್ ಮೇಲೆ ಅಪ್ಪ ಮೆರೆಯುತ್ತಾನೆ. ಹೇಗೆ ಬರೆಯಬೇಕು ಅಂತ ಗೆದ್ದವರನ್ನೇ ಕೇಳಿ. ಇಬ್ಬರ ದೋಣಿಯಾದರೆ ಚುಕ್ಕಾಣಿ ಹಿಡಿದವರ ಜೊತೆ ಕ್ರೂ ಹೆಸರೂ ಇರಲಿ. ಕ್ರೂ ಹೆಸರು ಬಿಡುವುದು ಹಳೆಯ ಕೆಟ್ಟ ಚಾಳಿ.

ಆ ರಾತ್ರಿಯದ್ದು ಹೆಚ್ಚಿಲ್ಲ. 30 ಕಪ್, ತಲಾ ಒಂದೂವರೆ ನಿಮಿಷ ಅಂದರೂ 45 ನಿಮಿಷ. ಅದಕ್ಕಿಂತ ಜಾಸ್ತಿ ಚಪ್ಪಾಳೆ ಯಾರ ಕೈಯಲ್ಲೂ ಇರುವುದಿಲ್ಲ. ಮಕ್ಕಳದ್ದು ಮೊದಲು, ಊಟಕ್ಕೂ ಮುಂಚೆ. ಕಪ್‌ಗಳನ್ನು ಕರೆಯುವ ಕ್ರಮದಲ್ಲೇ ಜೋಡಿಸಿ, ಒಂದೊಂದರ ಕೆಳಗೂ ಚೀಟಿ ಇಡಿ. ಓದುವವರು ಒಬ್ಬರು, ಎತ್ತಿಕೊಡುವವರು ಇನ್ನೊಬ್ಬರು. ಅತಿ ಹೆಚ್ಚು ಸಲ ಮಗುಚಿಕೊಂಡವರಿಗೆ ತಮಾಷೆಯ ಬಹುಮಾನ ಕೊಡುವ ಕ್ಲಬ್‌ಗಳಿವೆ. ಅದು ಹಳೇ ಹುಲಿಗಳಿಗಿರಲಿ, ಈ ವರ್ಷ ಕಲಿಯಲು ಬಂದವರಿಗೆ ಬೇಡ. ಅಡುಗೆಯವರಿಗೆ ಬರೀ ‘ವೆಜ್’ ಅಂದರೆ ಸಾಲದು, ಮೊಟ್ಟೆ ಮತ್ತು ಜೆಲಾಟಿನ್ ಎರಡನ್ನೂ ಹೆಸರು ಹಿಡಿದು ಹೇಳಿ. ಮೂಸ್ ಅನ್ನುವ ಸಿಹಿಯಲ್ಲಿ ಎರಡೂ ಇರಬಹುದು.

ಬಾಗಿಲ ಹತ್ತಿರ ಒಂದು ಸಣ್ಣ ಮೇಜು, ಒಂದು ಪುಸ್ತಕ, ಪೆನ್ನು. ಕಪ್‌ನ ಹೆಸರು, ಒಯ್ಯುವವರ ಹೆಸರು, ಫೋನ್, ಈಗಾಗಲೇ ಇರುವ ತಗ್ಗು–ಗೀರುಗಳ ವಿವರ, ವಾಪಸ್ ಕೊಡಬೇಕಾದ ದಿನಾಂಕ, ಸಹಿ. ಸಹಿ ಹಾಕದೆ ಕ್ಲಬ್ಬಿನ ಮುಖ್ಯಸ್ಥರಾದ ಕಮೋಡೋರ್ ಕೂಡ ಕಪ್ ಹಿಡಿದು ಹೊರಗೆ ಹೋಗುವಂತಿಲ್ಲ.